ಕವೂಜಾ ಹೇಳಿದ ‘ಒಲ್ಲೆ’

1938ರ ಜೂನ್ 5ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಪೋಲೆಂಡ್ ಬ್ರೆಜಿಲ್‌ಗೆ 6–5ರಿಂದ ಸೋತಿತು. ಮಧ್ಯಂತರದ ವೇಳೆಗೆ 3–1ರಿಂದ ಹಿಂದಿದ್ದ ತಂಡ, ನಿಗದಿತ ಅವಧಿಯ ಅಂತ್ಯಕ್ಕೆ 4–4ರ ಸಮ ಸಾಧಿಸಿ, ಹೆಚ್ಚುವರಿ ಸಮಯದಲ್ಲಿ ಕೈಚೆಲ್ಲಿತು. ಪೋಲೆಂಡ್‌ನ ಐದು ಗೋಲುಗಳ ಪೈಕಿ ನಾಲ್ಕನ್ನು ಎರ್ನೆಸ್ಟ್ ವಿಲಿಮೊವ್ಸ್ಕಿ ಒಬ್ಬನೇ ಗಳಿಸಿದ್ದ. ಮೊದಲ ವಿಶ್ವಕಪ್ ಯಾತ್ರೆ ಒಂದೇ ಪಂದ್ಯಕ್ಕೆ ಮುಗಿಯಿತು. ಮತ್ತೆ ಆ ಅಂಗಳ ತುಳಿಯಲು ಪೋಲೆಂಡ್ 1974ರವರೆಗೆ ಕಾಯಬೇಕಾಯಿತು. ಈ ಪಂದ್ಯವನ್ನು ಜಗತ್ತು ಇಂದಿಗೂ ನೆನೆಯುತ್ತದೆ. ಆದರೆ ಆ ತಂಡವನ್ನು ಕಟ್ಟಿದ ಯೂಜೆಫ್ ಕವೂಜಾ ಎಂಬ ಶಾಲಾ ಮೇಷ್ಟ್ರ ಹೆಸರು ಎಷ್ಟು ಮಂದಿಗೆ ಗೊತ್ತು?

ಕವೂಜಾ ಹುಟ್ಟಿದ್ದು 1896ರಲ್ಲಿ, ಪ್ಶೆಮಿಶ್ಲ್ ಪಟ್ಟಣದಲ್ಲಿ. ಆಗ ಭೂಪಟದಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲ. ಆ ಪಟ್ಟಣ ಆಸ್ಟ್ರಿಯಾ–ಹಂಗರಿ ಸಾಮ್ರಾಜ್ಯಕ್ಕೆ ಸೇರಿತ್ತು. ಕ್ರಾಕೋವ್ ನಗರದ ಕ್ರಾಕೋವಿಯಾ ಕ್ಲಬ್ಬಿನ ಮುಂಚೂಣಿ ಆಟಗಾರನಾಗಿ ಆತ ಹೆಸರು ಮಾಡಿದ. 1918ರಲ್ಲಿ ದೇಶ ಮರುಹುಟ್ಟು ಪಡೆಯಿತು. 1921ರಲ್ಲಿ ಕ್ರಾಕೋವಿಯಾ ಮೊದಲ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದೇ ವರ್ಷದ ಡಿಸೆಂಬರ್ 18ರಂದು ಬುಡಾಪೆಸ್ಟ್‌ನಲ್ಲಿ ಪೋಲೆಂಡ್ ತನ್ನ ಮೊಟ್ಟಮೊದಲ ಅಂತರರಾಷ್ಟ್ರೀಯ ಪಂದ್ಯವಾಡಿದಾಗ ಕವೂಜಾ ತಂಡದಲ್ಲಿದ್ದ. ಹೊಸ ರಾಷ್ಟ್ರವೊಂದಕ್ಕೆ ಧ್ವಜ, ನಾಣ್ಯಗಳಂತೆ ಹನ್ನೊಂದು ಮಂದಿಯ ತಂಡವೂ ಅಸ್ತಿತ್ವದ ಸಾಕ್ಷಿಯಾಗಿರುತ್ತದೆ.

1932ರಲ್ಲಿ ರಾಷ್ಟ್ರೀಯ ತಂಡದ ಹೊಣೆ ಕವೂಜಾನ ಹೆಗಲೇರಿತು. ಆ ಹೊಣೆಯ ಮೇಲೆ ರಾಜಕೀಯದ ನೆರಳು ಮೊದಲಿನಿಂದಲೂ ಇತ್ತು. ವಿಶ್ವಕಪ್ ಅರ್ಹತೆಗಾಗಿ 1934ರಲ್ಲಿ ಪ್ರಾಗ್‌ನಲ್ಲಿ ಆಡಬೇಕಿದ್ದ ಪಂದ್ಯಕ್ಕೆ ತೆರಳಲು ಪೋಲೆಂಡ್ ಸರ್ಕಾರವೇ ತನ್ನ ತಂಡಕ್ಕೆ ಅನುಮತಿ ಕೊಡಲಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಈ ತಂಡ ಹಂಗರಿಯನ್ನೂ ಬ್ರಿಟನ್ನನ್ನೂ ಮಣಿಸಿ ನಾಲ್ಕನೆಯ ಸ್ಥಾನ ಪಡೆಯಿತು. 1939ರ ಆಗಸ್ಟ್ 27ರಂದು ವಾರ್ಸಾದಲ್ಲಿ, ವಿಶ್ವಕಪ್ ಫೈನಲ್ ತಲುಪಿದ್ದ ಹಂಗರಿ ವಿರುದ್ಧ 0–2ರಿಂದ ಹಿಂದಿದ್ದೂ 4–2ರಿಂದ ಗೆದ್ದಿತು. ಐದೇ ದಿನಗಳಲ್ಲಿ ಹಿಟ್ಲರನ ಸೇನೆ ಗಡಿ ದಾಟಿತು. ಗೆಲುವಿನ ಸಂಭ್ರಮ ಆರುವ ಮೊದಲೇ ದೇಶ ಆರಿಹೋಯಿತು.

ಕವೂಜಾನ ನಿಜವಾದ ಪರೀಕ್ಷೆ ಆರಂಭವಾದದ್ದು ಆಮೇಲೆ. ಆಕ್ರಮಿತ ಪ್ರದೇಶದಲ್ಲಿ ಪೋಲಿಷ್ ಜನರ ಸಂಘಟಿತ ಕ್ರೀಡೆಗೆ ನಿಷೇಧ ಬಿತ್ತು. ಕ್ರಾಕೋವ್‌ನಲ್ಲಿ ಜನ ಕದ್ದುಮುಚ್ಚಿ ಪಂದ್ಯಗಳನ್ನಾಡಿದರು. ತಮ್ಮ ಆಶ್ರಯದಲ್ಲಿ ಕ್ರೀಡೆಯನ್ನು ಮತ್ತೆ ಕಟ್ಟಲು ಕೈಜೋಡಿಸುವಂತೆ ಜರ್ಮನ್ನರು ಕವೂಜಾನನ್ನು ಕೇಳಿದರು. ಆತ ಒಲ್ಲೆನೆಂದ. 1944ರ ಅಕ್ಟೋಬರ್‌ನಲ್ಲಿ ಮಿದುಳು ಪೊರೆಯ ಉರಿಯೂತಕ್ಕೆ ತುತ್ತಾಗಿ, ಔಷಧ ಸಿಗದೆ ತೀರಿಕೊಂಡ. ವಯಸ್ಸು 48.

ಕ್ರೀಡೆಯಲ್ಲಿ ರಾಜಕೀಯ ಬೆರೆಸಬಾರದು ಎಂಬ ಮಾತನ್ನು ನಾವು ಪದೇಪದೇ ಕೇಳುತ್ತೇವೆ. ಮೇಲ್ನೋಟಕ್ಕೆ ಅದು ಸದಾಶಯದ ಮಾತೇ. ಆಕ್ರಮಣಕಾರರ ಕೃಪೆಯಲ್ಲಾದರೂ ಹುಡುಗರು ಚೆಂಡಾಡಿದ್ದರೆ ಏನು ನಷ್ಟವಾಗುತ್ತಿತ್ತು ಎಂದು ಕೇಳುವವರು ಇರಬಹುದು. ಆದರೆ ಆಟದ ಮೈದಾನ ತೆರೆದಿದೆ, ಎಲ್ಲವೂ ಸಹಜವಾಗಿದೆ ಎಂದು ಲೋಕಕ್ಕೆ ತೋರಿಸುವುದೇ ಆಳುವವರ ಉದ್ದೇಶವಾಗಿರುವಾಗ, ಆಟವೇ ಸುಳ್ಳಿಗೆ ಸಾಕ್ಷಿಯಾಗುತ್ತದೆ. ಆಗ ಆಡದಿರುವುದೇ ಆಟಕ್ಕೆ ತೋರುವ ಗೌರವ.

ಹಾಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ನಾಲ್ಕು ಗೋಲಿನ ವೀರ ವಿಲಿಮೊವ್ಸ್ಕಿ 1941 ಮತ್ತು 1942ರಲ್ಲಿ ಜರ್ಮನಿಯ ಅಂಗಿ ತೊಟ್ಟು 8 ಪಂದ್ಯಗಳಲ್ಲಿ 13 ಗೋಲು ಹೊಡೆದ. ಆತ ಹುಟ್ಟಿದ ಸಿಲೇಸಿಯಾ ಎರಡು ದೇಶ, ಎರಡು ಭಾಷೆಗಳ ನಡುವೆ ಹರಿದು ಹಂಚಿಹೋಗಿದ್ದ ನೆಲ. ಅಲ್ಲಿ ಆಯ್ಕೆಗಳು ಕ್ರಾಕೋವ್‌ನಲ್ಲಿದ್ದಷ್ಟು ನಿಚ್ಚಳವಾಗಿರಲಿಲ್ಲ. ಬೆಚ್ಚಗಿನ ಮನೆಯಲ್ಲಿ ಕುಳಿತು ಆತನಿಗೆ ದ್ರೋಹಿಯ ಪಟ್ಟ ಕಟ್ಟುವುದು ಸುಲಭ. ಕವೂಜಾನ ನಿರಾಕರಣೆಗೆ ಬೆಲೆ ಬಂದಿರುವುದು ಇನ್ನೊಬ್ಬರ ದೌರ್ಬಲ್ಯದಿಂದಲ್ಲ, ಅದಕ್ಕಾಗಿ ಆತ ತಾನೇ ತೆತ್ತ ಬೆಲೆಯಿಂದ.

ಪದಕಗಳ ಪಟ್ಟಿಯಲ್ಲಿ ಕವೂಜಾನಿಗೆ ಸ್ಥಾನವಿಲ್ಲ: ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ, ವಿಶ್ವಕಪ್‌ನಲ್ಲಿ ಒಂದು ಸೋಲು, ಅಷ್ಟೇ. ಆದರೆ ಕ್ರಾಕೋವಿಯಾ ಕ್ರೀಡಾಂಗಣವಿರುವ ಬೀದಿಗೆ ಇಂದು ಆತನದೇ ಹೆಸರು. ಕಪ್ ಗೆಲ್ಲದ ತರಬೇತುದಾರನನ್ನು ಮರುದಿನವೇ ಮರೆಯುವ ಕಾಲದಲ್ಲಿ, ಒಂದು ನಗರ ತನ್ನ ಮೇಷ್ಟ್ರನ್ನು ಹೀಗೆ ನೆನಪಿಟ್ಟುಕೊಂಡಿದೆ. ಪಂದ್ಯ ನೋಡಲು ಹೋಗುವ ಪ್ರತಿ ಮಗುವೂ ಆ ಹೆಸರನ್ನು ದಾಟಿಯೇ ಒಳಹೋಗಬೇಕು.