ಟೈರಿಗೆ ನೈಟ್ರೋಜನ್ನೋ, ಬರಿಯ ಗಾಳಿಯೋ?

ಚೆನ್ನೈ ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 1962ರಿಂದ 2008ರವರೆಗೆ ನಡೆಯಿತು. ಅಲ್ಲಿ ಪರರ ಕಾರುಗಳ ಬಳಿಗೆ ತಿಂಡಿಯ ತಟ್ಟೆ ಒಯ್ದವರಲ್ಲಿ ನಮ್ಮವರೂ ಇದ್ದರು. ಇಂದು ಹೋಟೆಲು ನೌಕರರ, ಗುಮಾಸ್ತರ ಮನೆಗಳ ಮುಂದೆಯೂ ಕಂತಿನ ಸಾಲದ ಕಾರು ನಿಂತಿರುವುದು ಸಂತೋಷದ ಸಂಗತಿ. ಆದರೆ ಆ ಕಾರಿನ ಟೈರುಗಳಿಗೆ ಹಣ ತೆತ್ತು ನೈಟ್ರೋಜನ್ ತುಂಬಿಸಲೇಬೇಕೆ? ಬೇಕಿಲ್ಲವೆಂಬುದು ನಮ್ಮ ಅಭಿಪ್ರಾಯ.

ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 78ರಷ್ಟು ಇರುವುದು ನೈಟ್ರೋಜನ್ನೇ. ವಿಮಾನದ ಟೈರುಗಳಿಗೆ ಅದನ್ನು ತುಂಬಲು ಕಾರಣವುಂಟು: ಅದರಲ್ಲಿ ತೇವವಿರದು, ಅದು ಬೆಂಕಿಗೆ ಒದಗದು. ನಮ್ಮ ಕಾರಾದರೋ ತಾಂಬರಂವರೆಗೆ ಹೋಗಿ ಬರುವಂಥದು. ಶುದ್ಧ ನೈಟ್ರೋಜನ್ ರಬ್ಬರಿನ ಮೂಲಕ ತುಸು ನಿಧಾನವಾಗಿ ಸೋರುವುದು ನಿಜ. ಆದರೆ ಬಿಸಿಲಿಗೆ ಅದರ ಒತ್ತಡ ಏರದೆಂಬ ಮಾತು ಸಲ್ಲದು. ಟೈರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ, ಒಳಗೆ ನೈಟ್ರೋಜನ್ ಇರಲಿ ಒಣಗಾಳಿ ಇರಲಿ, ಒತ್ತಡವು ಸುಮಾರು ಒಂದೂವರೆ ಪಿಎಸ್ಐ ಏರುವುದು. ವಾಲ್ವು ಕೆಟ್ಟರೆ ಎರಡೂ ಸೋರುವುವು.

ನೈಟ್ರೋಜನ್ ಇದೆಯೆಂಬ ಭರವಸೆಯಿಂದ ತಿಂಗಳುಗಟ್ಟಲೆ ಒತ್ತಡ ನೋಡದಿರುವುದೇ ನಿಜವಾದ ಅಪಾಯ. ಗಾಳಿ ಇಳಿದ ಟೈರು ಓಟದಲ್ಲಿ ಕಾದು ಸಿಡಿಯಬಹುದು. ಪೆಟ್ರೋಲೂ ಹೆಚ್ಚು ಖರ್ಚಾಗುವುದು. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ನಮೂದಿಸಿದ ಒತ್ತಡ ಇದೆಯೇ ಎಂದು ತಿಂಗಳಿಗೊಮ್ಮೆಯಾದರೂ, ಸಂಸಾರಸಮೇತ ಊರಿಗೆ ಹೊರಡುವ ಮುನ್ನ ತಪ್ಪದೆಯೂ, ಟೈರು ತಣ್ಣಗಿರುವಾಗ ನೋಡಿಸಿರಿ. ಈಗಾಗಲೇ ನೈಟ್ರೋಜನ್ ತುಂಬಿಸಿದವರು ಕೊರತೆಯಾದಾಗ ಮಾಮೂಲು ಗಾಳಿ ಬೆರೆಸಲು ಅಂಜಬೇಕಿಲ್ಲ. ಪೆಟ್ರೋಲ್ ಬಂಕಿನಲ್ಲಿ ಪುಕ್ಕಟೆ ಗಾಳಿ ದಾನವಲ್ಲ, ಗ್ರಾಹಕನಿಗೆ ಸಲ್ಲಬೇಕಾದ ಸೌಲಭ್ಯ. ಸಂಕೋಚಪಡದೆ ಕೇಳಿ ಪಡೆಯಿರಿ. ಉಳಿದ ಹಣ ಮಕ್ಕಳ ಪುಸ್ತಕಕ್ಕೆ ಆದೀತು.