ಬಾಲಾನಗರಕ್ಕೆ ಕಾಣುವ ಬಂಡೀಪುರ

ಬಂಡೀಪುರಕ್ಕೆ ಬೆಂಕಿ ಬಿತ್ತೆಂದರೆ ಹೈದರಾಬಾದಿನ ಕನ್ನಡಿಗರ ನಡುವೆ ಒಂದು ವಾದ ಏಳುತ್ತದೆ: ಇಲ್ಲೇ ಬಾಲಾನಗರದಲ್ಲಿರುವ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಆಕಾಶದಿಂದ ಎಲ್ಲ ನೋಡುತ್ತಿರುವಾಗ ಕಾಡಿನಲ್ಲಿ ಫೈರ್ ವಾಚರ್‌ಗಳಿಗೆ ಕೂಲಿ ಯಾಕೆ?

ಎಲ್ಲವೂ ಕಾಣುವುದಿಲ್ಲ ಸ್ವಾಮಿ. ಬೆಂಕಿ ಗುರುತಿಸುವ ಮುಖ್ಯ ಉಪಗ್ರಹಗಳು ಒಂದು ಕಾಡಿನ ಮೇಲೆ ದಿನಕ್ಕೆ ಕೆಲವೇ ಸಲ ಹಾಯುತ್ತವೆ. ಅವುಗಳಲ್ಲಿ ಸೂಕ್ಷ್ಮವಾದದ್ದರ ಒಂದು ಚುಕ್ಕೆಯೂ 375 ಮೀಟರ್ ಅಗಲ, ಸುಮಾರು 35 ಎಕರೆ. ಅದರೊಳಗೆ ಉರಿ ಯಾವ ಮೂಲೆಯಲ್ಲಿದೆ ಎಂದು ಚುಕ್ಕೆ ಹೇಳದು. ಫೆಬ್ರವರಿಯ ಗಾಳಿಗೆ ಒಣ ಲಂಟಾನ ಹೊತ್ತಿಕೊಂಡರೆ, ಉಪಗ್ರಹ ಮತ್ತೆ ಬರುವಷ್ಟರಲ್ಲಿ ಬೆಂಕಿ ಗುಡ್ಡ ದಾಟಿರುತ್ತದೆ. 2019ರಲ್ಲಿ ಸುಟ್ಟದ್ದು ಸುಮಾರು 10,900 ಎಕರೆ ಎಂದು ಲೆಕ್ಕ ಕೊಟ್ಟದ್ದು ಇದೇ ಕೇಂದ್ರ. ಆ ಲೆಕ್ಕಕ್ಕೆ ಬೆಲೆಯಿದೆ, ಆದರೆ ಅದು ಸುಟ್ಟ ಮೇಲಿನ ಲೆಕ್ಕ.

ವಾಯುಪಡೆಯನ್ನು ಮೊದಲ ದಿನವೇ ಕರೆಸಬೇಕಿತ್ತು ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ವರ್ಷ ಬೆಂಕಿ ಶುರುವಾಗಿ ನಾಲ್ಕು ದಿನವಾದ ಮೇಲೆ, ಫೆಬ್ರವರಿ 25ರಂದು, ಎಂಐ-17 ಹೆಲಿಕಾಪ್ಟರ್‌ಗಳು ಬಂದವು. ಮನುಷ್ಯ ಹತ್ತಲಾಗದ ಕಡಿದಾದ ಜಾಗಕ್ಕೆ ಅವು ಬೇಕೇ ಬೇಕು. ಆದರೆ ಒಂದು ಸಲಕ್ಕೆ ಬಕೆಟ್ಟಿನಲ್ಲಿ ತರುವುದು ಸುಮಾರು 3,500 ಲೀಟರ್, ಅದರಲ್ಲೂ ಒಂದಿಷ್ಟು ಗಾಳಿಗೇ ಹಾರಿಹೋಗುತ್ತದೆ. ಬುಡದಲ್ಲಿ ಹೊಗೆಯಾಡುವ ಕೊರಡನ್ನು ಕೆದಕಿ ಆರಿಸಲು ನೆಲದ ಮೇಲೆ ಆಳು ಇರಲೇಬೇಕು.

ಹಚ್ಚಿದವರನ್ನು ಹಿಡಿದು ಜೈಲಿಗೆ ಹಾಕಿ ಎನ್ನುತ್ತಾರೆ. ಹಾಕಲಿ. ಕಾಡಂಚಿನ ಊರನ್ನೇ ಕಳ್ಳರಂತೆ ಕಂಡರೆ ಮಾತ್ರ, ಹಸಿ ಸೊಪ್ಪು ಹಿಡಿದು ಮೊದಲು ಓಡಿಬರುವವರು ಯಾರು?

ಇನ್ನೊಂದು ವಾದ ಹೆಚ್ಚು ಓದಿದವರದು: ಕಾಡಿಗೆ ಬೆಂಕಿ ಸಹಜ, ಸೋಲಿಗರೇ ಹಚ್ಚುತ್ತಿದ್ದರಲ್ಲ! ನಿಜ, ಬಿಳಿಗಿರಿರಂಗನ ಬೆಟ್ಟದಲ್ಲಿ ಅವರ ತರಗು ಬೆಂಕಿ ಇತ್ತು. ಬೇಸಿಗೆ ಬಲಿಯುವ ಮುನ್ನ, ನೆಲ ಇನ್ನೂ ತಣ್ಣಗಿರುವಾಗ ಇಡುತ್ತಿದ್ದ ಕಿರು ಉರಿ ಅದು. ತರಗೆಲೆ ಸುಡುತ್ತಿತ್ತು, ಮರ ಉಳಿಯುತ್ತಿತ್ತು. ಅದನ್ನು ನಿಷೇಧಿಸಿದ ಮೇಲೆ ಲಂಟಾನ ಆಳೆತ್ತರ ಬೆಳೆದಿದೆ ಎಂದು ಸೋಲಿಗರೇ ಹೇಳುತ್ತಾರೆ. ಅವರ ತಿಳಿವಳಿಕೆಯನ್ನು ಕೇಳಿ ಪಡೆಯಬೇಕು ಎಂಬುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಆಳೆತ್ತರದ ಆ ಪೊದೆಗೆ ಬಿದ್ದ ಉರಿ ಮರದ ತುದಿಗೇ ಏರುತ್ತದೆ. ಅಂಥದ್ದನ್ನು ಬಿರುಗಾಳಿಯ ಫೆಬ್ರವರಿಯಲ್ಲಿ 'ಸಹಜ' ಎಂದು ಬಿಟ್ಟುಬಿಡುವುದಕ್ಕೂ ಸೋಲಿಗರ ಪದ್ಧತಿಗೂ ಯಾವ ನಂಟೂ ಇಲ್ಲ. ಮೊದಲು ಲಂಟಾನ ಕಿತ್ತು, ಆಮೇಲೆ ಆ ಮಾತು.

ಕೊನೆಯದು, ನೂರಾರು ಸ್ವಯಂಸೇವಕರು ನುಗ್ಗಿದರೆ ಬೇಗ ಆರುತ್ತದೆ ಎಂಬುದು. 2017ರಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರೇ ಜೀವ ಕಳೆದುಕೊಂಡರು. ಕಾಡಿನಲ್ಲೇ ಕೆಲಸ ಮಾಡುವವರ ಪಾಡು ಹೀಗಿರುವಾಗ, ಗಾಳಿ ಯಾವಾಗ ತಿರುಗುತ್ತದೆಂದು ಅರಿಯದ ಪಟ್ಟಣದವರನ್ನು, ನೈಲಾನ್ ಅಂಗಿ ತೊಟ್ಟವರನ್ನು, ಆ ಸಾಲಿಗೆ ಕಳಿಸುವುದು ಬೇಡ. ಬರುವ ಮನಸ್ಸಿದ್ದರೆ ಡಿಸೆಂಬರಿನಲ್ಲಿ ಬರಲಿ, ಬೆಂಕಿ ರೇಖೆ ಸವರಲು ಆಗ ಕೈ ಬೇಕು.