ಕರೆಂಟು ಹೋದರೆ ಕಚೇರಿ ಫೋನು?

ಕಾಸರಗೋಡು: ತಂತಿ ಫೋನ್ ಬಿಟ್ಟು ಇಂಟರ್‌ನೆಟ್ ಫೋನ್ ಹಾಕಿಸಲು ಹೊರಟ ಸಣ್ಣ ಕಚೇರಿಯವರಿಗೆ ಮೊದಲು ಕೇಳಿಬರುವ ಮಾತು, "ಬಿಲ್ಲು ಕಡಿಮೆ". ಆದರೆ ಮಂಗಳೂರಿನ 0824 ಒತ್ತಿ ಗಡಿಯಾರ ನೋಡುತ್ತಾ ಮಾತನಾಡುವ ಕಾಲ ಮುಗಿದು ಎಷ್ಟೋ ವರ್ಷವಾಯಿತು. ದೇಶದೊಳಗಿನ ಎಸ್‌ಟಿಡಿಯನ್ನು ನಿಮಿಷಕ್ಕೆ 1 ರೂಪಾಯಿಗೆ ಇಳಿಸುವ ಯೋಜನೆಯನ್ನು ಬಿಎಸ್ಎನ್ಎಲ್ 2006ರಲ್ಲೇ ತಂದಿತ್ತು. ಈಗಂತೂ ಮೊಬೈಲ್ ಪ್ಯಾಕಿನಲ್ಲೇ ಕರೆಗಳು ಸೇರಿರುತ್ತವೆ.

ನೋಡಬೇಕಾದ್ದು ಬೇರೆಯೇ. ಹಳೇ ಫೋನಿಗೆ ಬೇಕಾದ ವಿದ್ಯುತ್ ಎಕ್ಸ್‌ಚೇಂಜಿನಿಂದ ಅದೇ ತಂತಿಯಲ್ಲಿ ಬರುತ್ತಿತ್ತು. ಆಟಿಯ ಮಳೆಗೆ ಊರಿಡೀ ಕತ್ತಲಾದರೂ ರಿಂಗಾಗುತ್ತಿತ್ತು. (ಮರ ಬಿದ್ದು ತಂತಿ ತುಂಡಾದರೆ ಅದರ ಕತೆಯೂ ಅಷ್ಟೇ ಅನ್ನಿ.) ಹೊಸದು ಹಾಗಲ್ಲ; ಕರೆಂಟು ಹೋಗಿ ಮೋಡೆಮ್ ಆರಿತೋ, ಫೋನೂ ಸತ್ತ ಹಾಗೆ. ವೇಗದ ಚಿಂತೆ ಬೇಡ, ಒಂದು ಕರೆಗೆ ಸುಮಾರು 100 ಕೆಬಿಪಿಎಸ್ ಸಾಕು. ಕ್ಲಿನಿಕ್, ಸಹಕಾರಿ ಸಂಘದಂಥ ಕಡೆ ಮೋಡೆಮ್, ರೂಟರ್, ಫೋನ್ ಮೂರಕ್ಕೂ ಇನ್ವರ್ಟರ್ ಬೇಕೇ ಬೇಕು.

ಲೈನು ಕಡಿದಾಗ ಕರೆ ತಾನಾಗಿ ಮೊಬೈಲಿಗೆ ತಿರುಗುವ ಏರ್ಪಾಡು ಉಂಟಾ ಎಂದು ಮೊದಲೇ ಕೇಳಿ. ಹಳೇ ನಂಬರು ಉಳಿಯುತ್ತದೋ ಎಂದೂ ಕೇಳಿಕೊಳ್ಳಿ. ಮಂಗಳೂರು ಕಡೆಯ ಗಿರಾಕಿಗಳು ಬರೆದಿಟ್ಟುಕೊಂಡಿರುವುದು ಆ 04994ರ ನಂಬರನ್ನೇ.